ಎಂಬತ್ತೇಳರಿಂದ ಭಾಗಿಸಿದರೆ

ಬೆಂಗಳೂರಿನಿಂದ ಮೈಸೂರಿಗೆ ರೈಲುಹಾದಿ 139 ಕಿಲೋಮೀಟರ್. 87ರಿಂದ ಭಾಗಿಸಿದರೆ ಅದು ಸುಮಾರು 1,600 ಮೀಟರ್ ಆಗುತ್ತದೆ. ಮಾದರಿ ರೈಲಿನ ಹವ್ಯಾಸಿಯೊಬ್ಬರು ಈ ಹಾದಿಯನ್ನು ಒಂದಿಂಚೂ ಬಿಡದೆ ಮನೆಯಲ್ಲಿ ಕಟ್ಟಲು ಹೊರಟರೆ ಅವರ ಮನೆ ಒಂದು ಮೈಲಿ ಉದ್ದ ಇರಬೇಕು. ಹಾದಿಯ ಮಾತು ಹಾಗಿರಲಿ, 24 ಬೋಗಿಗಳ ಒಂದು ಎಕ್ಸ್‌ಪ್ರೆಸ್ ರೈಲನ್ನೇ ಎಂಬತ್ತೇಳರಲ್ಲಿ ಒಂದು ಪಾಲಿಗೆ ಕುಗ್ಗಿಸಿದರೂ ಅದು ಏಳು ಮೀಟರಿನ ಹತ್ತಿರ ನಿಲ್ಲುತ್ತದೆ. ನಗರದ ಫ್ಲ್ಯಾಟುಗಳ ಹಾಲ್ ಸಾಮಾನ್ಯವಾಗಿ ಅಷ್ಟು ಉದ್ದವಿರುವುದಿಲ್ಲ.

ಈ ಹವ್ಯಾಸದ ವಿಜ್ಞಾನ ಶುರುವಾಗುವುದೇ ಇಲ್ಲಿಂದ. ಉದ್ದವನ್ನು ಕುಗ್ಗಿಸುವುದು ಸುಲಭ. ಆದರೆ ಉದ್ದ ಕುಗ್ಗಿದಷ್ಟೇ ತೂಕ ಕುಗ್ಗುವುದಿಲ್ಲ, ವೇಗದ ಪರಿಣಾಮ ಕುಗ್ಗುವುದಿಲ್ಲ, ಘರ್ಷಣೆ ಕುಗ್ಗುವುದಿಲ್ಲ. ಗುರುತ್ವವಂತೂ ಒಂದಿಷ್ಟೂ ಬದಲಾಗುವುದಿಲ್ಲ. ಹಳಿ, ಊರು, ಗುಡ್ಡಗಳ ಒಳ್ಳೆಯ ಲೇಔಟ್ ಕಟ್ಟುವವರು ದಿನವೂ ಭೌತಶಾಸ್ತ್ರದ ಜೊತೆ ಚೌಕಾಸಿಗೆ ಕೂತಿರುತ್ತಾರೆ.

ಈ 87 ಎಂಬ ಅಂಕಿ ಬಂದ ಬಗೆ ಹೀಗಿದೆ. ಜರ್ಮನಿಯ ಮೆರ್ಕ್ಲಿನ್ ಕಂಪನಿ 1891ರಲ್ಲಿ ಲೈಪ್ಜಿಗ್ ಮೇಳದಲ್ಲಿ ಒಂದು ಆಟಿಕೆ ರೈಲನ್ನು ಪ್ರದರ್ಶನಕ್ಕಿಟ್ಟಿತು. ಅದರ ಹೊಸತನ ಇದ್ದದ್ದು ಹಳಿಗಳಲ್ಲಿ. ಹಳಿಯ ತುಂಡುಗಳನ್ನು ಬೇಕಾದಂತೆ ಜೋಡಿಸಬಹುದಿತ್ತು, ಅಗಲಗಳು ನಿಗದಿಯಾಗಿದ್ದವು, ಒಂದು ವರ್ಷ ಕೊಂಡ ಪೆಟ್ಟಿಗೆಗೆ ಮರುವರ್ಷ ಇನ್ನಷ್ಟು ಹಳಿ ಸೇರಿಸಬಹುದಿತ್ತು. ಆಟಿಕೆ ವ್ಯವಸ್ಥೆಯಾದದ್ದು ಅಲ್ಲಿಂದ. ಒಂದನೇ ಗೇಜ್ 45 ಮಿಲಿಮೀಟರ್, ಮುಂದೆ ಬಂದ ಸೊನ್ನೆ ಗೇಜ್ 32 ಮಿಲಿಮೀಟರ್. 1935ರ ಹೊತ್ತಿಗೆ ವಿದ್ಯುತ್ ಮೋಟಾರುಗಳು ಇನ್ನಷ್ಟು ಚಿಕ್ಕವಾಗಿದ್ದವು, ಮನೆಗಳೂ ಚಿಕ್ಕವಾಗಿದ್ದವು. ಆಗ ಟ್ರಿಕ್ಸ್ ಮತ್ತು ಮೆರ್ಕ್ಲಿನ್ ಕಂಪನಿಗಳು ಸೊನ್ನೆ ಗೇಜಿನ ಅರ್ಧದಷ್ಟಿದ್ದ, ಮೇಜಿನ ಮೇಲೆ ಹಿಡಿಸುವ ರೈಲುಗಳನ್ನು ಮಾರುಕಟ್ಟೆಗೆ ತಂದವು. ಹಳಿಗಳ ನಡುವಿನ ಅಂತರ 16.5 ಮಿಲಿಮೀಟರ್. ಯುರೋಪಿನ ನಿಜವಾದ ಹಳಿಗಳ ಅಂತರ 1,435 ಮಿಲಿಮೀಟರ್. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ 87. ಇಂದು ಜಗತ್ತಿನಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಎಚ್‌ಒ ಅಳತೆ ಇದೇ. ಇದಕ್ಕಿಂತ ಚಿಕ್ಕವೂ ಇವೆ: 1:160ರ ಎನ್, 1972ರಲ್ಲಿ ಬಂದ 1:220ರ ಜೆಡ್. ಜೆಡ್‌ನ ಹಳಿಗಳ ಅಂತರ ಆರೂವರೆ ಮಿಲಿಮೀಟರ್ ಮಾತ್ರ.

ಬ್ರಿಟನ್ನಿನವರು ಮಾತ್ರ ಬೇರೆ ದಾರಿ ಹಿಡಿದರು. ಅವರ ಎಂಜಿನ್ನುಗಳು ಯುರೋಪಿನವಕ್ಕಿಂತ ಸಣಕಲು. 1:87ಕ್ಕೆ ಇಳಿಸಿದರೆ ಆ ಕಾಲದ ಮೋಟಾರು ಒಳಗೆ ಹಿಡಿಸುತ್ತಿರಲಿಲ್ಲ. ಹಾಗಾಗಿ ಮೇಲಿನ ದೇಹವನ್ನು 1:76ಕ್ಕೆ ದೊಡ್ಡದು ಮಾಡಿ, ಕೆಳಗೆ ಅದೇ 16.5 ಮಿಲಿಮೀಟರ್ ಹಳಿಯನ್ನು ಉಳಿಸಿಕೊಂಡರು. ಮೋಟಾರುಗಳು ಬೆರಳ ತುದಿಯಷ್ಟಾದ ಮೇಲೂ ಆ ರಾಜಿ ಹೋಗಲಿಲ್ಲ, ಇವತ್ತಿಗೂ ಬ್ರಿಟನ್ನಿನ ಬಹುಪಾಲು ಮಾದರಿ ರೈಲುಗಳು ತಮ್ಮ ಮೈಗಿಂತ ಕಿರಿದಾದ ಹಳಿಯ ಮೇಲೆಯೇ ಓಡುತ್ತಿವೆ.

ಭಾರತದ ಹವ್ಯಾಸಿಗಳ ಪಾಡೂ ಇದೇ. ನಮ್ಮ ಬ್ರಾಡ್‌ಗೇಜ್ 1,676 ಮಿಲಿಮೀಟರ್, 87ರಿಂದ ಭಾಗಿಸಿದರೆ 19.3. ಅಂಗಡಿಯಲ್ಲಿ ಸಿಗುವುದು 16.5ರ ಹಳಿ. ಎರಡೂವರೆ ಮಿಲಿಮೀಟರಿಗೂ ಮಿಕ್ಕಿದ ಈ ವ್ಯತ್ಯಾಸವನ್ನು ಹೆಚ್ಚಿನವರು ಒಪ್ಪಿಕೊಂಡುಬಿಡುತ್ತಾರೆ, ಏಕೆಂದರೆ ಹಳಿ, ಹಳಿ ಕವಲೊಡೆಯುವ ಪಾಯಿಂಟ್, ಗಾಲಿ ಎಲ್ಲವನ್ನೂ ಕೈಯಲ್ಲೇ ಮಾಡಿಕೊಳ್ಳುವುದು ಇನ್ನೊಂದು ಜೀವಮಾನದ ಕೆಲಸ. ಮೀಟರ್‌ಗೇಜ್ ಕಟ್ಟುವವರಿಗೆ ಅದೃಷ್ಟ ಹೆಚ್ಚು. 12 ಮಿಲಿಮೀಟರಿನ ಸಿದ್ಧ ಹಳಿ ಅದಕ್ಕೆ ಬಹುತೇಕ ಸರಿಹೊಂದುತ್ತದೆ. ಹಳೆಯ ಮೈಸೂರು ಸೀಮೆಯ ರೈಲುಗಳನ್ನು ನೆನಪಿನಿಂದ ಮತ್ತೆ ಕಟ್ಟಬಯಸುವವರಿಗೆ ಇದು ಒಳ್ಳೆಯ ಸುದ್ದಿ. ನಮ್ಮ ದೇಶದಲ್ಲಿ ಈ ಹವ್ಯಾಸವನ್ನು ಜನರ ಮುಂದೆ ತಂದಿಟ್ಟ ಜಾಗ ಪುಣೆ. ಅಲ್ಲಿ ಬಿ.ಎಸ್. ಜೋಶಿ ಅವರು ಕಟ್ಟಿದ ಕಿರುರೈಲುಗಳ ಸಂಗ್ರಹಾಲಯ 1998ರಲ್ಲಿ ತೆರೆಯಿತು.

ಈಗ ತೂಕದ ವಿಚಾರ. ನಮ್ಮ ಡಬ್ಲ್ಯುಎಪಿ-7 ವಿದ್ಯುತ್ ಎಂಜಿನ್ನಿನ ತೂಕ 123 ಟನ್, ಉದ್ದ ಇಪ್ಪತ್ತೂವರೆ ಮೀಟರ್. ಉದ್ದ, ಅಗಲ, ಎತ್ತರ ಮೂರನ್ನೂ 87ರಿಂದ ಭಾಗಿಸಿದಾಗ ಗಾತ್ರ 87ರ ಘನದಷ್ಟು, ಎಂದರೆ 6,58,503 ಪಟ್ಟು ಇಳಿಯುತ್ತದೆ. 123 ಟನ್ನಿನ ದೈತ್ಯ 187 ಗ್ರಾಮಿಗೆ ಬಂದು ನಿಲ್ಲುತ್ತದೆ. 40 ಟನ್ನಿನ ಖಾಲಿ ಬೋಗಿ 61 ಗ್ರಾಂ. ಲೆಕ್ಕ ಸರಿ, ಆದರೆ ಈ ಲೆಕ್ಕದ ಪ್ರಕಾರ ಮಾಡಿದ ಬೋಗಿ ಹಳಿಯ ಮೇಲೆ ನಿಲ್ಲುವುದಿಲ್ಲ. ಹಳಿಯ ಜೋಡಣೆಯಲ್ಲಿ ಕೂದಲೆಳೆಯ ಏರುಪೇರಿದ್ದರೂ ಎಗರುತ್ತದೆ. ಉದ್ದದ ರೈಲು ತಿರುವಿನಲ್ಲಿ ಹೋಗುವಾಗ ಮುಂದಿನ ಎಂಜಿನ್ನು ಎಳೆಯುತ್ತದೆ, ಹಿಂದಿನ ಬೋಗಿಗಳು ತಡೆಯುತ್ತವೆ, ನಡುವಿನ ಹಗುರ ಬೋಗಿ ತಿರುವಿನ ಒಳಗಡೆಗೆ ಉರುಳುತ್ತದೆ.

ಅಮೆರಿಕದಲ್ಲಿ 1935ರಲ್ಲಿ ಹುಟ್ಟಿದ ರಾಷ್ಟ್ರೀಯ ಮಾದರಿ ರೈಲು ಸಂಘ ಇದಕ್ಕೊಂದು ಸೂತ್ರ ಕೊಟ್ಟಿದೆ. ಎಚ್‌ಒ ಅಳತೆಯ ಬೋಗಿಗೆ ಮೊದಲು ಒಂದು ಔನ್ಸ್, ಆಮೇಲೆ ಉದ್ದದ ಪ್ರತಿ ಇಂಚಿಗೆ ಅರ್ಧ ಔನ್ಸ್. ನಮ್ಮ ಉದ್ದದ ಬೋಗಿಗೆ ಇದನ್ನು ಅನ್ವಯಿಸಿದರೆ 180 ಗ್ರಾಮಿನ ಆಸುಪಾಸು ಬರುತ್ತದೆ. ಲೆಕ್ಕಕ್ಕೆ ನಿಷ್ಠವಾದ ತೂಕದ ಸುಮಾರು ಮೂರು ಪಟ್ಟು! ಹವ್ಯಾಸಿಗಳು ಬೋಗಿಯ ನೆಲದಡಿ ಸೀಸದ ಚೂರು, ಉಕ್ಕಿನ ಪಟ್ಟಿ ಅಂಟಿಸುವುದು ಇದಕ್ಕೇ. ಮಾದರಿ ನಿಜದಂತೆ ಓಡಬೇಕಾದರೆ ಅದರ ತೂಕ ಸುಳ್ಳಾಗಿರಬೇಕು.

ನಿಲ್ಲಿಸುವ ವಿಷಯ ಇನ್ನೂ ಕುತೂಹಲದ್ದು. ಗಂಟೆಗೆ 100 ಕಿಲೋಮೀಟರ್ ವೇಗದ ರೈಲು ಬ್ರೇಕ್ ಹಾಕಿದ ಮೇಲೆ ಸುಮಾರು ಒಂದು ಕಿಲೋಮೀಟರ್ ಹೋಗಿ ನಿಲ್ಲುತ್ತದೆ ಎಂದಿಟ್ಟುಕೊಳ್ಳೋಣ. ಮಾದರಿಯಲ್ಲಿ ಈ ದೂರ ಹನ್ನೊಂದೂವರೆ ಮೀಟರ್ ಇರಬೇಕಿತ್ತು. ಆದರೆ ನಿಲ್ಲುವ ದೂರ ವೇಗದ ವರ್ಗವನ್ನು ಅನುಸರಿಸುತ್ತದೆ. ವೇಗ 87 ಪಾಲು ಇಳಿದರೆ ದೂರ 7,569 ಪಾಲು ಇಳಿಯುತ್ತದೆ. ಅದೇ ಪ್ರಮಾಣದ ಬ್ರೇಕ್ ಹಾಕಿದ ಮಾದರಿ ಸುಮಾರು 13 ಸೆಂಟಿಮೀಟರಿನಲ್ಲಿ ನಿಂತುಬಿಡುತ್ತದೆ, ಅರ್ಧ ಬೋಗಿಯಷ್ಟು ದೂರವೂ ಹೋಗುವುದಿಲ್ಲ. ಆಟಿಕೆ ರೈಲು ನೋಡಿದ ಕೂಡಲೇ ಆಟಿಕೆ ಎಂದು ಕಣ್ಣಿಗೆ ಹೊಳೆಯುವುದು ಹೆಚ್ಚಾಗಿ ಈ ಗಕ್ಕನೆ ನಿಲ್ಲುವ, ಗಕ್ಕನೆ ಹೊರಡುವ ನಡೆಯಿಂದ.

ಪರಿಹಾರವಾಗಿ ತಯಾರಕರು ಮೋಟಾರಿನ ಅಚ್ಚಿಗೆ ಹಿತ್ತಾಳೆಯ ಪುಟ್ಟ ಫ್ಲೈವೀಲ್ ಕೂರಿಸುತ್ತಾರೆ. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಆ ಚಕ್ರ, ನಿಜ ರೈಲಿನ ನೂರಾರು ಟನ್ ಜಡತ್ವದ ಪಾತ್ರವನ್ನು ವಹಿಸುತ್ತದೆ. ಹಳಿಯ ಮೇಲೆ ಧೂಳಿನ ಕಲೆಯಿಂದ ವಿದ್ಯುತ್ ಕ್ಷಣಕಾಲ ತಪ್ಪಿದರೂ ಎಂಜಿನ್ನನ್ನು ದಾಟಿಸುತ್ತದೆ.

ಇದೇ ಗಣಿತದ ಇನ್ನೊಂದು ಮುಖವನ್ನು ಸಿನಿಮಾದವರು ಚೆನ್ನಾಗಿ ಬಲ್ಲರು. ಬೀಳುವ ವಸ್ತು ನೆಲ ಮುಟ್ಟುವ ಸಮಯ ಎತ್ತರದ ವರ್ಗಮೂಲದಂತೆ ಬದಲಾಗುತ್ತದೆ. 87ರ ವರ್ಗಮೂಲ ಸುಮಾರು 9.3. ಎಂದರೆ 1:87ರ ಸೇತುವೆ ನಿಜ ಸೇತುವೆಗಿಂತ ಒಂಬತ್ತು ಪಟ್ಟಿಗೂ ಹೆಚ್ಚು ಬೇಗ ಕುಸಿಯುತ್ತದೆ. ಅದಕ್ಕೇ ಕಿರುಮಾದರಿಗಳನ್ನು ಅತಿವೇಗದ ಕ್ಯಾಮೆರಾದಲ್ಲಿ ಚಿತ್ರಿಸಿ ನಿಧಾನವಾಗಿ ತೋರಿಸುತ್ತಾರೆ. ಮನೆಯ ಲೇಔಟ್ ನೋಡುವವರಿಗೆ ಈ ಅನುಕೂಲವಿಲ್ಲ. ನಿಜ ಬೋಗಿ ತೂಗಾಡಿದರೆ ಮಾದರಿ ಬೋಗಿ ಅದುರುತ್ತದೆ.

ತಿರುವುಗಳಿಗೆ ಬಂದರೆ ರಾಜಿ ಎದ್ದು ಕಾಣುತ್ತದೆ. ಭಾರತೀಯ ರೈಲ್ವೆಯ ಬ್ರಾಡ್‌ಗೇಜ್‌ನಲ್ಲಿ ಅತಿ ಬಿಗಿಯಾದ ತಿರುವು 10 ಡಿಗ್ರಿಯದು, ಅದರ ತ್ರಿಜ್ಯ 175 ಮೀಟರ್. ಮಾದರಿಯಲ್ಲಿ ಇದು ಎರಡು ಮೀಟರ್. ಹಳಿ ಒಂದು ಸುತ್ತು ತಿರುಗಿ ಬರಬೇಕಾದರೆ ನಾಲ್ಕು ಮೀಟರ್ ಅಗಲದ ಕೋಣೆ ತುಂಬಿಹೋಗುತ್ತದೆ. ಪೆಟ್ಟಿಗೆಯಲ್ಲಿ ಬರುವ ಸಿದ್ಧ ಹಳಿಯ ತ್ರಿಜ್ಯವೋ 36 ಸೆಂಟಿಮೀಟರ್, ನಿಜ ಅಳತೆಯಲ್ಲಿ 31 ಮೀಟರ್. ಅಷ್ಟು ಗಿಡ್ಡ ತಿರುವಿನಲ್ಲಿ ನಮ್ಮ ಯಾವ ಬೋಗಿಯೂ ಹೋಗಲಾರದು. ಮಾದರಿ ಬೋಗಿ ಹೋಗುತ್ತದೆ, ಆದರೆ ಅದರ ಮೂಲೆಗಳು ಹಳಿಯಿಂದಾಚೆ ಚಾಚಿಕೊಂಡು ಕಣ್ಣಿಗೆ ಚುಚ್ಚುತ್ತವೆ. ಅನುಭವಿಗಳು ಇಂಥ ತಿರುವುಗಳನ್ನು ಸುರಂಗದೊಳಗೆ, ಗುಡ್ಡದ ಹಿಂದೆ ಬಚ್ಚಿಡುತ್ತಾರೆ. ಕಾಣುವ ಕಡೆ ಮಾತ್ರ ಉದಾರವಾದ ತಿರುವು. ಅದರಲ್ಲೂ ನೇರ ಹಳಿ ಒಮ್ಮೆಲೇ ಬಾಗದೆ ಮೆಲ್ಲಮೆಲ್ಲನೆ ಬಾಗುವಂತೆ, ನಿಜ ಎಂಜಿನಿಯರುಗಳು ಮಾಡುವ ಹಾಗೆಯೇ, ತೆಳುವಾದ ಮರದ ಪಟ್ಟಿಯೊಂದನ್ನು ಬಗ್ಗಿಸಿ ಗುರುತು ಹಾಕಿಕೊಳ್ಳುತ್ತಾರೆ.

ಏರಿನ ಕಥೆಗೆ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಗಿಂತ ಒಳ್ಳೆಯ ಉದಾಹರಣೆ ನಮಗೆ ಬೇಕಿಲ್ಲ. 57 ಸುರಂಗಗಳ ಆ ಹಾದಿ 50 ಮೀಟರಿಗೆ ಒಂದು ಮೀಟರಿನಂತೆ ಏರುತ್ತದೆ. ಭಾರದ ಗೂಡ್ಸ್ ರೈಲನ್ನು ಅಲ್ಲಿ ಹತ್ತಿಸಲು ಹಿಂದಿನಿಂದ ಬ್ಯಾಂಕರ್ ಎಂಜಿನ್ನುಗಳು ದೂಡಬೇಕು. ನಿಜ ರೈಲಿನ ಉಕ್ಕಿನ ಗಾಲಿ ಉಕ್ಕಿನ ಹಳಿಯ ಮೇಲೆ ಎಷ್ಟು ಸಲೀಸಾಗಿ ಉರುಳುತ್ತದೆಂದರೆ, ಸ್ಟೇಷನ್ ಯಾರ್ಡುಗಳಲ್ಲಿ 400ಕ್ಕೆ ಒಂದಕ್ಕಿಂತ ಹೆಚ್ಚು ಇಳಿಜಾರು ಇರಬಾರದೆಂದು ನಿಯಮವಿದೆ. ಇದ್ದರೆ ನಿಲ್ಲಿಸಿದ ವ್ಯಾಗನ್ ತಾನಾಗಿ ಹೊರಟೀತು. ಮಾದರಿ ವ್ಯಾಗನ್ನಿಗೆ ಆ ಇಳಿಜಾರು ಲೆಕ್ಕಕ್ಕೇ ಇಲ್ಲ. ಅದರ ಅಚ್ಚುಗಳ ಘರ್ಷಣೆ ತೂಕಕ್ಕೆ ಹೋಲಿಸಿದರೆ ಬಹಳ ಹೆಚ್ಚು, ಅಲ್ಲಿ ಅದು ಅಲುಗದೆ ನಿಂತಿರುತ್ತದೆ.

ಎತ್ತರ ಗಳಿಸಲು ಹವ್ಯಾಸಿಗಳು ಹೂಡಿದ ಉಪಾಯ ಸುರುಳಿ ಹಾದಿ. 60 ಸೆಂಟಿಮೀಟರ್ ತ್ರಿಜ್ಯದ ಒಂದು ಸುತ್ತಿನ ಉದ್ದ 377 ಸೆಂಟಿಮೀಟರ್. ಘಾಟಿಯ ಏರನ್ನೇ ಇಟ್ಟುಕೊಂಡರೆ ಸುತ್ತಿಗೆ ಏಳೂವರೆ ಸೆಂಟಿಮೀಟರ್ ಮೇಲೇರಬಹುದು. ಹಲಗೆ, ಹಳಿಗಳ ದಪ್ಪ ಕಳೆದರೆ ಕೆಳಗಿನ ಸುತ್ತಿನ ರೈಲು ತಲೆ ತಾಗದೆ ಹೋಗಲು ಅದು ಸಾಕೋ ಸಾಲದೋ ಎಂಬಂತಿರುತ್ತದೆ. ಕರಾವಳಿಯ ಮಳೆಗಾಲದಲ್ಲಿ ಮರದ ಚೌಕಟ್ಟು ತೇವ ಹೀರಿ ಉಬ್ಬುವುದನ್ನೂ ಲೆಕ್ಕಕ್ಕೆ ಹಿಡಿಯಬೇಕು, ಇಲ್ಲವಾದರೆ ಬೇಸಿಗೆಯಲ್ಲಿ ಸರಿಯಾಗಿ ಕೂತ ಹಳಿ ಆಷಾಢದಲ್ಲಿ ಸೊಟ್ಟಗಾಗುತ್ತದೆ.

ಎಂಜಿನ್ನಿಗೆ ವಿದ್ಯುತ್ ಬರುವುದು ಹಳಿಗಳಿಂದ. ಒಂದು ಹಳಿ ಧನ, ಇನ್ನೊಂದು ಋಣ, ನಡುವೆ 12 ವೋಲ್ಟ್. ಗಾಲಿಗಳು ವಿದ್ಯುತ್ತನ್ನು ಎತ್ತಿ ಮೋಟಾರಿಗೆ ಕೊಡುತ್ತವೆ. ವೋಲ್ಟೇಜ್ ಏರಿಸಿದರೆ ವೇಗ, ಅದಲುಬದಲು ಮಾಡಿದರೆ ಹಿಮ್ಮುಖ. ಹಲವು ದಶಕ ಇಷ್ಟರಲ್ಲೇ ನಡೆಯಿತು. ತೊಂದರೆ ಎಂದರೆ ಒಂದೇ ಹಳಿಯ ಮೇಲೆ ಎರಡು ಎಂಜಿನ್ನು ಇಟ್ಟರೆ ಎರಡೂ ಒಟ್ಟಿಗೆ ಹೊರಡುತ್ತವೆ. ಹಾಗಾಗಿ ಹಳಿಯನ್ನು ತುಂಡುತುಂಡು ವಿಭಾಗ ಮಾಡಿ, ಪ್ರತಿ ತುಂಡಿಗೂ ಸ್ವಿಚ್ ಹಾಕಿ, ಓಡಿಸುವವರು ರೈಲಿಗಿಂತ ಹೆಚ್ಚಾಗಿ ಸ್ವಿಚ್ಚುಗಳನ್ನೇ ನೋಡುತ್ತ ಕೂರಬೇಕಿತ್ತು.

1990ರ ದಶಕದಲ್ಲಿ ಈ ಕಷ್ಟ ಕಳೆಯಿತು. ಜರ್ಮನಿಯ ಲೆನ್ಸ್ ಕಂಪನಿ ರೂಪಿಸಿದ ಡಿಜಿಟಲ್ ವಿಧಾನವನ್ನು ಆಧಾರವಾಗಿಟ್ಟುಕೊಂಡು ಅಮೆರಿಕದ ಸಂಘ ಒಂದು ಮಾನಕ ಹೊರಡಿಸಿತು. ಡಿಸಿಸಿ ಎಂದು ಕರೆಯುವ ಈ ಪದ್ಧತಿಯಲ್ಲಿ ಹಳಿಗೆ ಸದಾ ಪೂರ್ಣ ವೋಲ್ಟೇಜ್ ಇರುತ್ತದೆ, ಆದರೆ ಅದರ ದಿಕ್ಕು ಸೆಕೆಂಡಿಗೆ ಸಾವಿರಾರು ಬಾರಿ ಬದಲಾಗುತ್ತಿರುತ್ತದೆ. ಆ ಬದಲಾವಣೆಯಲ್ಲೇ ಸಂದೇಶ ಅಡಗಿದೆ. ಒಂದೊಂದು ಅರ್ಧ ಆವರ್ತಕ್ಕೂ 58 ಮೈಕ್ರೋಸೆಕೆಂಡ್ ತೆಗೆದುಕೊಂಡರೆ ಅದು ಬೈನರಿಯ 1, ನೂರರ ಸುಮಾರು ಅಥವಾ ಹೆಚ್ಚು ತೆಗೆದುಕೊಂಡರೆ 0. ಈ ಅಂಕಿಗಳ ಸಾಲಿನಲ್ಲಿ ಮೊದಲು ಎಂಜಿನ್ನಿನ ವಿಳಾಸ, ಆಮೇಲೆ ಆಜ್ಞೆ, ಕೊನೆಗೆ ತಪ್ಪು ನುಸುಳಿದೆಯೇ ಎಂದು ಪರೀಕ್ಷಿಸುವ ಒಂದು ಬೈಟ್. ಬಸ್ಸಿನಲ್ಲಿ ಕಂಡಕ್ಟರ್ ಕೂಗುವ ಸ್ಟಾಪಿನ ಹೆಸರು ಎಲ್ಲರ ಕಿವಿಗೂ ಬಿದ್ದರೂ ಇಳಿಯುವವರು ಆ ಊರಿನವರು ಮಾತ್ರ. ಹಾಗೆಯೇ ಹಳಿಯ ಮೇಲಿರುವ ಎಲ್ಲ ಎಂಜಿನ್ನುಗಳೂ ಸಂದೇಶ ಕೇಳುತ್ತವೆ, ವಿಳಾಸ ತನ್ನದಾದರೆ ಮಾತ್ರ ಎಂಜಿನ್ನಿನೊಳಗೆ ಕೂತು ಸಂದೇಶ ಬಿಡಿಸುವ ಡಿಕೋಡರ್ ಪಾಲಿಸುತ್ತದೆ. ಒಳ್ಳೆಯ ಡಿಕೋಡರುಗಳು ಮೋಟಾರಿನ ವಿದ್ಯುತ್ತನ್ನು ಕ್ಷಣಾರ್ಧ ನಿಲ್ಲಿಸಿ, ತಿರುಗುತ್ತಲೇ ಇರುವ ಮೋಟಾರು ಜನರೇಟರಿನಂತೆ ಹುಟ್ಟಿಸುವ ವೋಲ್ಟೇಜನ್ನು ಅಳೆಯುತ್ತವೆ. ಅದರಿಂದ ನಿಜವಾದ ವೇಗ ತಿಳಿಯುತ್ತದೆ. ಏರಿನಲ್ಲಿ ವೇಗ ಕುಂದಿದರೆ ತಾವೇ ಹೆಚ್ಚು ಶಕ್ತಿ ಕೊಡುತ್ತವೆ.

ಇಂಥ ಹತೋಟಿಯ ಹುಚ್ಚು ಕಂಪ್ಯೂಟರ್ ಯುಗಕ್ಕೇ ಒಂದು ತಿರುವು ಕೊಟ್ಟಿತು ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಅಮೆರಿಕದ ಎಂಐಟಿಯಲ್ಲಿ 1946ರಲ್ಲಿ ವಿದ್ಯಾರ್ಥಿಗಳು ಮಾದರಿ ರೈಲಿನ ಕ್ಲಬ್ ಕಟ್ಟಿದರು. ಕೆಲವರಿಗೆ ಮೇಲಿನ ಬೆಟ್ಟ, ಊರು, ಮರಗಳಲ್ಲಿ ಆಸಕ್ತಿ. ಇನ್ನು ಕೆಲವರ ಪ್ರಪಂಚ ಇದ್ದದ್ದು ಹಲಗೆಯ ಕೆಳಗೆ. ಟೆಲಿಫೋನ್ ಎಕ್ಸ್‌ಚೇಂಜಿನ ರಿಲೇಗಳನ್ನು ಜೋಡಿಸಿ, ಫೋನಿನ ಡಯಲ್ ತಿರುಗಿಸಿ ರೈಲುಗಳನ್ನು ಆಳುವ ಜಟಿಲ ಜಾಲವನ್ನು ಅವರು ಅಲ್ಲಿ ಹೆಣೆದರು. ಸಂಸ್ಥೆಗೆ 1961ರಲ್ಲಿ ಪಿಡಿಪಿ-1 ಕಂಪ್ಯೂಟರ್ ಬಂದಾಗ ಅದರ ಮುಂದೆ ರಾತ್ರಿಯಿಡೀ ಕೂತವರಲ್ಲಿ ಈ ಹಲಗೆಯಡಿಯ ಹುಡುಗರೂ ಇದ್ದರು. 1962ರಲ್ಲಿ ಸ್ಟೀವ್ ರಸೆಲ್ ಮತ್ತು ಗೆಳೆಯರು ರೂಪಿಸಿದ ‘ಸ್ಪೇಸ್‌ವಾರ್’ ಕಂಪ್ಯೂಟರ್ ಆಟಗಳ ಇತಿಹಾಸದ ಮೊದಮೊದಲ ಹೆಸರುಗಳಲ್ಲೊಂದು. ಅದನ್ನು ಆಡಲು ಅಲನ್ ಕೊಟಾಕ್ ಮತ್ತು ಬಾಬ್ ಸಾಂಡರ್ಸ್ ಮಾಡಿದ ಕೈಪೆಟ್ಟಿಗೆಗಳಿಗೆ ಬಿಡಿಭಾಗ ಬಂದದ್ದು ರೈಲು ಕ್ಲಬ್ಬಿನಿಂದಲೇ. ಮಕ್ಕಳಾಟ ಎಂದು ಈ ಹವ್ಯಾಸವನ್ನು ತಳ್ಳಿಹಾಕುವವರಿಗೆ ಇಷ್ಟು ಹೇಳಿದರೆ ಸಾಕು.

ಗಂಭೀರ ಬಳಕೆಗೂ ಕೊರತೆಯಿಲ್ಲ. ಜರ್ಮನಿಯ ಡಾರ್ಮ್‌ಸ್ಟಾಟ್ ನಗರದಲ್ಲಿ ವಿಶ್ವವಿದ್ಯಾಲಯದ ಸಹಯೋಗದ ಎಚ್‌ಒ ಲೇಔಟ್ ಒಂದಿದೆ. ಅದರ ಸಿಗ್ನಲ್, ಪಾಯಿಂಟುಗಳನ್ನು ಆಳುವುದು ನಿಜ ರೈಲ್ವೆಯಲ್ಲಿ ದುಡಿದ ಇಂಟರ್‌ಲಾಕಿಂಗ್ ಯಂತ್ರಗಳು. ಬ್ರಿಟನ್ನಿನ ಮ್ಯಾಂಚೆಸ್ಟರಿನಲ್ಲಿ 1912ರಲ್ಲೇ ಸಿಗ್ನಲ್ ನೌಕರರ ತರಬೇತಿಗೆ ಮಾದರಿ ಹಾದಿ ಕಟ್ಟಿದ್ದರು. ಭಾರತೀಯ ರೈಲ್ವೆಯ ತರಬೇತಿ ಸಂಸ್ಥೆಗಳಲ್ಲೂ ‘ಮಾಡೆಲ್ ರೂಮ್’ ಇರುತ್ತದೆ. ಸ್ಟೇಷನ್ ಮಾಸ್ಟರ್ ಆಗಲಿರುವವರು ನಿಜ ರೈಲಿಗೆ ಲೈನ್ ಕೊಡುವ ಮೊದಲು ಅಲ್ಲಿ ಪುಟ್ಟ ರೈಲಿಗೆ ಲೈನ್ ಕೊಟ್ಟು ಕಲಿಯುತ್ತಾರೆ.

ಬೆರಗಿನ ತುದಿ ನೋಡಬೇಕೆಂದರೆ ಹ್ಯಾಂಬರ್ಗಿಗೆ ಹೋಗಬೇಕು. ಫ್ರೆಡರಿಕ್ ಮತ್ತು ಗೆರಿಟ್ ಬ್ರೌನ್ ಎಂಬ ಅವಳಿ ಸಹೋದರರು ಹಳೆಯ ಗೋದಾಮೊಂದರಲ್ಲಿ 2001ರಲ್ಲಿ ತೆರೆದ ‘ಮಿನಿಯಾಟೂರ್ ವುಂಡರ್‌ಲಾಂಟ್’ನಲ್ಲಿ ಈಗ 16 ಕಿಲೋಮೀಟರಿಗೂ ಹೆಚ್ಚು ಹಳಿ ಇದೆ. ನಿಜ ಅಳತೆಗೆ ಹಿಗ್ಗಿಸಿದರೆ 1,400 ಕಿಲೋಮೀಟರಿನ ಸುಮಾರು. ಅಲ್ಲಿ ಹದಿನೈದು ನಿಮಿಷಕ್ಕೊಂದು ಹಗಲು-ರಾತ್ರಿ. ಕತ್ತಲಾಗುತ್ತಿದ್ದಂತೆ ಲಕ್ಷಾಂತರ ಪುಟ್ಟ ದೀಪಗಳು ಹೊತ್ತಿಕೊಳ್ಳುತ್ತವೆ. 2011ರಿಂದ ಒಂದು ವಿಮಾನ ನಿಲ್ದಾಣವೂ ಇದೆ, ವಿಮಾನಗಳು ಓಡುದಾರಿಯಲ್ಲಿ ಓಡಿ ಮೇಲೇಳುವುದನ್ನು ಕಣ್ಣಾರೆ ನೋಡಬಹುದು.

ಆದರೆ ಈ ಹವ್ಯಾಸಕ್ಕೆ ಕಾಲಿಡಲು ಗೋದಾಮು ಬೇಕಿಲ್ಲ, ಇಡೀ ಕೋಣೆಯೂ ಬೇಕಿಲ್ಲ. ಬ್ರಿಟನ್ನಿನ ಅಲನ್ ರೈಟ್ ರೂಪಿಸಿದ ‘ಇಂಗಲ್‌ನುಕ್ ಸೈಡಿಂಗ್ಸ್’ ಎಂಬ ಪುಟ್ಟ ಶಂಟಿಂಗ್ ಯಾರ್ಡ್ ಇದಕ್ಕೆ ಸಾಕ್ಷಿ. ಅದರಲ್ಲಿರುವುದು ಎರಡು ಪಾಯಿಂಟ್, ಮೂರು ಲೈನ್. ಒಂದರಲ್ಲಿ ಐದು ವ್ಯಾಗನ್ ಹಿಡಿಸುತ್ತದೆ, ಉಳಿದೆರಡರಲ್ಲಿ ಮೂರು ಮೂರು. ಎಂಜಿನ್ನು ಹಿಂದೆ ಮುಂದೆ ಆಡುವ ಹಳಿಯಲ್ಲಿ ಎಂಜಿನ್ನಿನ ಜೊತೆ ಮೂರು ವ್ಯಾಗನ್ನಿಗೆ ಮಾತ್ರ ಜಾಗ. ಒಟ್ಟು ಎಂಟು ವ್ಯಾಗನ್. ಚೀಟಿ ಎತ್ತಿ ಅವುಗಳಲ್ಲಿ ಐದನ್ನು ಆರಿಸಬೇಕು, ಚೀಟಿ ಬಂದ ಅನುಕ್ರಮದಲ್ಲೇ ಅವನ್ನು ಉದ್ದದ ಲೈನಿನಲ್ಲಿ ಸಾಲಾಗಿ ನಿಲ್ಲಿಸಬೇಕು. ಎಂಟರಿಂದ ಐದನ್ನು ಅನುಕ್ರಮವಾಗಿ ಆರಿಸುವ ಬಗೆಗಳು 6,720. ದಿನಕ್ಕೊಂದು ಆಡಿದರೂ ಹದಿನೆಂಟು ವರ್ಷ ಒಂದೇ ಆಟ ಎರಡು ಸಲ ಆಡಬೇಕಾಗಿಲ್ಲ. ಕಂಪ್ಯೂಟರ್ ವಿಜ್ಞಾನದ ವಿದ್ಯಾರ್ಥಿಗಳಿಗೆ ಇದು ವಿಂಗಡಣೆಯ ಸಮಸ್ಯೆ, ಯಾರ್ಡ್ ಮಾಸ್ಟರುಗಳಿಗೆ ದಿನದ ಕೆಲಸ, ಮನೆಯವರಿಗೆ ಊಟವಾದ ಮೇಲಿನ ಅರ್ಧ ಗಂಟೆಯ ಸೊಗಸಾದ ಆಟ.

ನಮ್ಮ ಬಾಕ್ಸ್‌ಎನ್ ಗೂಡ್ಸ್ ವ್ಯಾಗನ್ನಿನ ಉದ್ದ 10.7 ಮೀಟರ್, ಮಾದರಿಯಲ್ಲಿ 12 ಸೆಂಟಿಮೀಟರ್ ಚಿಲ್ಲರೆ. ಐದು ವ್ಯಾಗನ್, ಎರಡು ಪಾಯಿಂಟ್, ಎಂಜಿನ್ನಿನ ಜಾಗ ಎಲ್ಲ ಸೇರಿದರೂ ಆರು ಅಡಿ ಉದ್ದ, ಒಂದಡಿ ಅಗಲದ ಹಲಗೆ ಸಾಕು. ಪುಸ್ತಕದ ಕಪಾಟಿನ ಮೇಲೂ ಕೂರುತ್ತದೆ. ಮನೆಯಲ್ಲಿ ರೈಲು ನೋಡಲು ಲೆವೆಲ್ ಕ್ರಾಸಿಂಗಿನಲ್ಲಿ ನಿಂತುಬಿಡುವ ಮಗುವಿದ್ದರೆ, ಸುತ್ತು ಹೊಡೆಯುವ ಹಳಿಯ ಪೆಟ್ಟಿಗೆಯ ಬದಲು ಇಂಥದೊಂದು ಹಲಗೆಯಿಂದ ಶುರುಮಾಡಿ. ಮೊದಲ ವ್ಯಾಗನ್ ಹಳಿ ತಪ್ಪಿದಾಗ ಅದನ್ನು ಎತ್ತಿಡುವ ಮೊದಲು ಮಗುವಿನ ಕೈಗೊಂದು ತಕ್ಕಡಿ ಕೊಟ್ಟು, ತೂಕ ಎಷ್ಟಿದೆ, ಎಷ್ಟಿರಬೇಕಿತ್ತು ಎಂದು ಕೇಳಿ ನೋಡಿ.